ಪಟ್ಟಿ ಬಿಚ್ಚುವ ವಾರ

ಕೆಲವು ವರ್ಷಗಳ ಹಿಂದಿನ ಮಾತು. ಮೇ ತಿಂಗಳ ಕೊನೆಯ ವಾರ. ಮಂಗಳೂರಿನ ಹಳೆ ಬಂದರು ದಕ್ಕೆಯಲ್ಲಿ ಮೀನು ಮಾರುವ ಒಬ್ಬರು ಅಕ್ಕ ನನ್ನ ಡ್ರೆಸ್ಸಿಂಗ್ ಕೋಣೆಗೆ ಬಂದರು. ಎಡಗಾಲಿನ ಒಳಬದಿಯಲ್ಲಿ, ಹರಡಿನ ಎಲುಬಿಗಿಂತ ನಾಲ್ಕು ಬೆರಳು ಮೇಲೆ, ಪುಟ್ಟ ವೀಳ್ಯದೆಲೆಯಷ್ಟು ಅಗಲದ ಹುಣ್ಣು. ಏಳು ತಿಂಗಳಾಗಿತ್ತು. ಸುತ್ತಲಿನ ಚರ್ಮ ಸುಟ್ಟ ಹಪ್ಪಳದ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು. ಕುರ್ಚಿಯಲ್ಲಿ ಕೂತವರೇ ಹೇಳಿದರು: "ಸಿಸ್ಟರೇ, ಜೂನ್ ಒಂದರಿಂದ ಬೋಟು ಬಂದ್. ಎರಡು ತಿಂಗಳು ನನಗೆ ಕೆಲಸ ಕಡಿಮೆ. ಅಷ್ಟರೊಳಗೆ ಇದನ್ನೊಂದು ಗುಣ ಮಾಡಿಕೊಡಿ. ದಿನಾ ಬಂದು ಪಟ್ಟಿ ಬದಲಾಯಿಸಿಕೊಂಡು ಹೋಗ್ತೇನೆ."

"ದಿನಾ ಬರುವುದು ಬೇಡ ಅಕ್ಕ. ಮೊದಲ ಎರಡು ವಾರ, ವಾರಕ್ಕೆ ಎರಡು ಸಲ ಬನ್ನಿ. ಆಮೇಲೆ ವಾರಕ್ಕೊಮ್ಮೆ ಸಾಕು" ಎಂದೆ.

ಅವರ ಮುಖ ಸಣ್ಣದಾಯಿತು. "ಒಂದು ವಾರ ಬಿಚ್ಚದಿದ್ದರೆ ಒಳಗೆ ಕೊಳೆಯುದಿಲ್ವಾ ಸಿಸ್ಟರೇ? ಮೀನಾದರೆ ಒಂದೇ ದಿನಕ್ಕೆ ವಾಸನೆ ಬರ್ತದೆ."

ಈ ಪ್ರಶ್ನೆಯನ್ನು ನಾನು ಒಂದಲ್ಲ ಒಂದು ಮಾತಿನಲ್ಲಿ ಮೂವತ್ತು ವರ್ಷ ಕೇಳಿದ್ದೇನೆ. ರೋಗಿಗಳು ಕೇಳಿದ್ದಾರೆ, ಜೊತೆಗೆ ಬಂದ ಮಗಳು, ಸೊಸೆ ಕೇಳಿದ್ದಾರೆ, ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸ್ ಮಕ್ಕಳೂ ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಗಾಯವನ್ನು ದಿನಾ ಬಿಚ್ಚಿ, ತೊಳೆದು, ಹೊಸ ಬಟ್ಟೆ ಕಟ್ಟುವುದೇ ಕಾಳಜಿ ಎಂದು ನಮಗೆಲ್ಲ ಮನೆಯಲ್ಲೇ ಕಲಿಸಿದ್ದಾರೆ. ಕಾಲಿನ ಈ ಒಂದು ಜಾತಿಯ ಹುಣ್ಣಿಗೆ ಮಾತ್ರ ಆ ಕಾಳಜಿಯೇ ಅಡ್ಡಿಯಾಗುತ್ತದೆ. ಇವತ್ತು ಅದರ ಬಗ್ಗೆಯೇ ನಿಮ್ಮೊಂದಿಗೆ ಮಾತಾಡಬೇಕು.

ಮೊದಲು ಹುಣ್ಣು ಯಾಕಾಗುತ್ತದೆ ಎಂದು ನೋಡೋಣ. ಹೃದಯ ರಕ್ತವನ್ನು ಪಾದದವರೆಗೆ ಕಳಿಸುತ್ತದೆ. ಹಾಗೆ ಹೋದ ರಕ್ತ ಪಾದದಿಂದ ಮತ್ತೆ ಎದೆಯವರೆಗೆ ಮೇಲಕ್ಕೆ ಹತ್ತಿ ಬರಬೇಕು. ನಿಂತಿರುವ ಮನುಷ್ಯನಲ್ಲಿ ಹರಡಿನ ಬಳಿಯ ನರದೊಳಗೆ, ಅಂದರೆ ಅಶುದ್ಧ ರಕ್ತ ಒಯ್ಯುವ ಅಭಿಧಮನಿಯೊಳಗೆ, ಸುಮಾರು 80ರಿಂದ 90 ಮಿಲಿಮೀಟರ್ ಪಾದರಸದಷ್ಟು ಒತ್ತಡ ಇರುತ್ತದೆ. ನಾವು ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ಹಿಂಡಿ ರಕ್ತವನ್ನು ಮೇಲೆ ತಳ್ಳುತ್ತದೆ. ಒತ್ತಡ 30ಕ್ಕೋ ಅದಕ್ಕೂ ಕೆಳಕ್ಕೋ ಇಳಿಯುತ್ತದೆ. ಮೇಲೆ ಹೋದದ್ದು ಹಿಂದೆ ಬಾರದಂತೆ ನರದೊಳಗೆ ಪುಟ್ಟ ಪುಟ್ಟ ಕವಾಟಗಳಿವೆ. ಇಟಲಿಯ ಪಾದುವಾದಲ್ಲಿ ಫ್ಯಾಬ್ರೀಷಿಯಸ್ ಎಂಬ ಗುರು 1603ರಲ್ಲಿ ಈ ಕವಾಟಗಳ ಬಗ್ಗೆ ಪುಸ್ತಕವನ್ನೇ ಬರೆದರು. ಅವು ಏನು ಕೆಲಸ ಮಾಡುತ್ತವೆ ಎಂಬುದನ್ನು ಅವರ ಶಿಷ್ಯ ವಿಲಿಯಂ ಹಾರ್ವೆ 1628ರಲ್ಲಿ, ಕೈಗೆ ದಾರ ಬಿಗಿದು ನರವನ್ನು ಬೆರಳಲ್ಲಿ ಒತ್ತಿ ತೋರಿಸಿಕೊಟ್ಟರು.

ನಮ್ಮ ಕರಾವಳಿಯವರಿಗೆ ಈ ಕವಾಟವನ್ನು ವಿವರಿಸಲು ನಾನು ಉಪ್ಪುನೀರು ತಡೆಯುವ ಕಿಂಡಿ ಅಣೆಕಟ್ಟಿನ ಮಾತು ಹೇಳುತ್ತೇನೆ. ಹೊಳೆಯ ಸಿಹಿನೀರು ಕಡಲಿಗೆ ಹೋಗಬೇಕು, ಭರತದ ಹೊತ್ತಿಗೆ ಕಡಲಿನ ನೀರು ಗದ್ದೆಗೆ ನುಗ್ಗಬಾರದು. ಹಲಗೆ ಕುಂಬಾದರೆ ಏನಾಗುತ್ತದೆ? ಮೊದಲ ದಿನ ಏನೂ ಕಾಣುವುದಿಲ್ಲ. ನಾಲ್ಕು ಭರತ ಕಳೆದ ಮೇಲೆ ಪೈರಿನ ಬುಡ ಹಳದಿಯಾಗುತ್ತದೆ. ಆಮೇಲೆ ಅಲ್ಲಿ ಏನು ನೆಟ್ಟರೂ ಏಳುವುದಿಲ್ಲ. ಕಾಲಿನಲ್ಲೂ ಹಾಗೆಯೇ. ಕವಾಟ ಸೋತರೆ ನಡೆಯುವಾಗಲೂ ಒತ್ತಡ ಇಳಿಯುವುದಿಲ್ಲ. ಸಂಜೆಗೆ ಕಾಲು ಬೀಗುತ್ತದೆ. ಹರಡಿನ ಸುತ್ತ ರಕ್ತದ ಕಣ ಸೋರಿ, ಅದರ ಕಬ್ಬಿಣದ ಅಂಶ ಉಳಿದು ಚರ್ಮ ಕಂದಾಗುತ್ತದೆ. ತುರಿಕೆ ಬರುತ್ತದೆ. ಒಂದು ದಿನ ಬುಟ್ಟಿಯ ಅಂಚು ತಾಗಿಯೋ ಉಗುರು ತಾಗಿಯೋ ಸಣ್ಣ ಗೀರು ಆಗುತ್ತದೆ, ಅದು ಮತ್ತೆ ಮುಚ್ಚುವುದೇ ಇಲ್ಲ.

ಮಂಗಳೂರಿನಲ್ಲಿ ಯಾರಿಗೆ ಹೀಗಾಗುತ್ತದೆ? ನನ್ನ ಕೋಣೆಯ ಹೊರಗಿನ ಬೆಂಚು ನೋಡಿದರೆ ಸಾಕಿತ್ತು. ದಕ್ಕೆಯ ಒದ್ದೆ ನೆಲದಲ್ಲಿ ನಸುಕಿನಿಂದ ನಿಂತವರು, ಗೇರುಬೀಜದ ಕಾರ್ಖಾನೆಯವರು, ಮೊಣಕಾಲು ಮಡಚಿ ದಿನವಿಡೀ ಬೀಡಿ ಕಟ್ಟುವವರು, ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಸುರತ್ಕಲ್‌ಗೆ ಹತ್ತಾರು ಟ್ರಿಪ್ಪು ನಿಂತೇ ಹೋಗುವ ಕಂಡಕ್ಟರುಗಳು, ಹೋಟೆಲಿನ ಅಡುಗೆ ಭಟ್ಟರು, ಕ್ಷೌರದಂಗಡಿಯವರು, ಶಾಲೆಯ ಟೀಚರುಗಳು. ನಾಲ್ಕೈದು ಹೆತ್ತ ತಾಯಂದಿರು ಎಲ್ಲದರಲ್ಲೂ ಹೆಚ್ಚು. ಇವರಲ್ಲಿ ಹೆಚ್ಚಿನವರು ನನ್ನ ಬಳಿ ಬರುವ ಹೊತ್ತಿಗೆ ಮನೆಯಲ್ಲಿ ಬಸಳೆ, ಬದನೆ, ಒಣಮೀನು ಎಲ್ಲ ಬಿಟ್ಟಾಗಿರುತ್ತಿತ್ತು. 'ನಂಜು' ಎಂದು. ಕಾಲು ಸೋತದ್ದಕ್ಕೆ ಪಾಪ ಹೊಟ್ಟೆಗೆ ಶಿಕ್ಷೆ. ಗಾಯ ಕಟ್ಟಬೇಕಾದರೆ ಶರೀರಕ್ಕೆ ಪ್ರೋಟೀನು ಬೇಕು. ಮೀನು, ಮೊಟ್ಟೆ, ಬೇಳೆ ತಿನ್ನಿ ಎಂದು ನಾನು ಕೈಮುಗಿದು ಹೇಳುತ್ತಿದ್ದೆ.

ಸರಿ, ಸೋತ ಕವಾಟಕ್ಕೆ ಮುಲಾಮು ಹಚ್ಚಲು ಸಾಧ್ಯವೇ? ಇಲ್ಲ. ಹುಣ್ಣಿನ ಮೇಲೆ ಏನೇ ಹಾಕಿದರೂ ಕೆಳಗಿನ ಒತ್ತಡ ಹಾಗೆಯೇ ಇರುತ್ತದೆ. ಆ ಒತ್ತಡವನ್ನು ಹೊರಗಿನಿಂದ ಎದುರಿಸುವುದೇ ಮೊದಲ ದಾರಿ. ಪಾದದ ಬೆರಳ ಬುಡದಿಂದ ಮೊಣಕಾಲಿನ ಕೆಳಗಿನವರೆಗೆ ಕಾಲನ್ನು ಬಿಗಿಯಾಗಿ ಸುತ್ತಿ, ಹರಡಿನ ಬಳಿ ಸುಮಾರು 40 ಮಿಲಿಮೀಟರ್ ಒತ್ತಡ ಕೊಟ್ಟರೆ, ಹಿಗ್ಗಿದ ನರ ಕುಗ್ಗುತ್ತದೆ, ಬೀಗು ಇಳಿಯುತ್ತದೆ, ಹುಣ್ಣು ತಾನೇ ಕೂಡಿಕೊಳ್ಳುತ್ತದೆ. ಬಿಗಿಪಟ್ಟಿ ಕಟ್ಟಿದವರಲ್ಲಿ ಕಟ್ಟದವರಿಗಿಂತ ಹುಣ್ಣು ಬೇಗ ವಾಸಿಯಾಗುತ್ತದೆ ಎಂಬುದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗಲೂ ನಿಂತ ಮಾತು. ಹಾಗಾಗಿ ಇಲ್ಲಿ ಪಟ್ಟಿಯೇ ಔಷಧ. ಒಳಗಿನ ಗಾಜ್ ಬಟ್ಟೆ ಬರೀ ಹೊದಿಕೆ.

ಇದು ಮನಸ್ಸಿಗೆ ಬಂದರೆ 'ಎಷ್ಟು ದಿನಕ್ಕೊಮ್ಮೆ ಬಿಚ್ಚಬೇಕು' ಎಂಬ ಪ್ರಶ್ನೆಯೇ ಬೇರೆಯಾಗಿ ಕಾಣುತ್ತದೆ. ಪಟ್ಟಿ ಬಿಚ್ಚಿದ ಕೂಡಲೇ ಔಷಧ ನಿಂತಿತು. ಬಿಚ್ಚಿ, ಕಾಲು ಜೋತುಬಿಟ್ಟು, ಡ್ರೆಸ್ಸಿಂಗ್ ಸರದಿಗಾಗಿ ಒಂದು ಗಂಟೆ ಬೆಂಚಿನಲ್ಲಿ ಕಾದರೆ, ವಾರವಿಡೀ ಇಳಿದ ಬೀಗು ಮತ್ತೆ ಏರತೊಡಗುತ್ತದೆ.

ಇನ್ನೊಂದು ಕಾರಣವೂ ಇದೆ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಚರ್ಮದ ಮೇಲೆ ಸಣ್ಣ ಗಾಯಗಳನ್ನು ಮಾಡಿ, ಕೆಲವನ್ನು ಒಣಗಲು ಬಿಟ್ಟು, ಕೆಲವಕ್ಕೆ ಪ್ಲಾಸ್ಟಿಕ್ ಹಾಳೆ ಮುಚ್ಚಿದರು. ಮುಚ್ಚಿದ ಗಾಯಗಳಲ್ಲಿ ಹೊಸ ಚರ್ಮ ಹೆಚ್ಚುಕಡಿಮೆ ಇಮ್ಮಡಿ ವೇಗದಲ್ಲಿ ಹರಡಿತು. ಹಸಿಯಾಗಿರುವ ಗಾಯದಲ್ಲಿ ಹೊಸ ಚರ್ಮದ ಕಣಗಳು ಸರಾಗವಾಗಿ ಜಾರುತ್ತವೆ. ಒಣಗಿ ಹೆಕ್ಕಳೆ ಕಟ್ಟಿದರೆ ಅದರ ಅಡಿಯಲ್ಲಿ ಕೊರೆದುಕೊಂಡು ಹೋಗಬೇಕಾಗುತ್ತದೆ. ನಾನು ಕೆಲಸಕ್ಕೆ ಸೇರಿದಾಗ ಈ ಸಂಗತಿ ಪುಸ್ತಕದಲ್ಲಿತ್ತು, ನಮ್ಮ ಟ್ರೇಯಲ್ಲಿ ಇರಲಿಲ್ಲ. ನಾವು ದಿನಾ ಬೆಳಿಗ್ಗೆ ಒಣಗಿದ ಗಾಜನ್ನು ಎಳೆದು ಕೀಳುತ್ತಿದ್ದೆವು. ಅದು ಬರುವಾಗ ಒಂದು ಸಣ್ಣ ಸದ್ದು ಬರುತ್ತದೆ, ಹಳೆಯ ಅಂಚೆಚೀಟಿ ಕಿತ್ತ ಹಾಗೆ. ಗಾಜಿನ ಎಳೆಗಳ ಸಂದಿಯಲ್ಲಿ ಗುಲಾಬಿ ಬಣ್ಣದ ತೆಳು ಪೊರೆ ಅಂಟಿಕೊಂಡಿರುತ್ತಿತ್ತು. ಅದು ಹಿಂದಿನ ರಾತ್ರಿ ಬೆಳೆದ ಹೊಸ ಚರ್ಮ. ಅದನ್ನು ನಾವೇ ಕಿತ್ತು ಕಸದ ಬುಟ್ಟಿಗೆ ಹಾಕಿ, ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಸುರಿದು, ನೊರೆ ಬಂದದ್ದು ನೋಡಿ ಶುದ್ಧವಾಯಿತು ಎಂದುಕೊಳ್ಳುತ್ತಿದ್ದೆವು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಆದರೆ ಮೂರು ನಾಲ್ಕು ವರ್ಷ ಹುಣ್ಣು ಹೊತ್ತು ನಡೆದವರ ಮುಖಗಳು ನನಗೆ ಈಗಲೂ ನೆನಪಾಗುತ್ತವೆ.

ಹಾಗಾದರೆ ಲೆಕ್ಕ ಹೇಗೆ? ಮೊದಲ ಒಂದೆರಡು ವಾರ ವಾರಕ್ಕೆ ಎರಡು ಸಲ ಬದಲಾಯಿಸಬೇಕು. ಆಗ ಎರಡು ಸಂಗತಿ ಒಟ್ಟಿಗೆ ನಡೆಯುತ್ತಿರುತ್ತವೆ. ಹುಣ್ಣಿನಿಂದ ನೀರು ತುಂಬ ಒಸರುತ್ತದೆ. ಅದಕ್ಕಿಂತ ಮುಖ್ಯವಾಗಿ ಕಾಲು ದಿನದಿಂದ ದಿನಕ್ಕೆ ತೆಳ್ಳಗಾಗುತ್ತದೆ. ಕಾಲು ತೆಳ್ಳಗಾದರೆ ಸೋಮವಾರ ಬಿಗಿಯಾಗಿದ್ದ ಪಟ್ಟಿ ಗುರುವಾರಕ್ಕೆ ಸಡಿಲ. ಜಾರಿ ಹರಡಿನ ಮೇಲೆ ಮುದ್ದೆಯಾಗಿ ಕೂತರೆ ಒತ್ತುವ ಬದಲು ಕತ್ತರಿಸುತ್ತದೆ. ನಾನು ದರ್ಜಿಯ ಟೇಪು ಇಟ್ಟುಕೊಂಡಿದ್ದೆ. ಪ್ರತಿ ಸಲ ಹರಡಿನ ಸುತ್ತ ಒಂದು ಅಳತೆ, ಮೀನಖಂಡದ ದಪ್ಪ ಭಾಗದಲ್ಲಿ ಒಂದು ಅಳತೆ. ದಕ್ಕೆಯ ಅಕ್ಕನ ಹರಡು ಮೊದಲ ದಿನ 27 ಸೆಂಟಿಮೀಟರ್ ಇತ್ತು. ಹತ್ತನೆಯ ದಿನ 24. ಟೇಪನ್ನು ಅವರ ಕೈಗೇ ಕೊಟ್ಟೆ. ಎರಡು ಸಲ ಸುತ್ತಿ ನೋಡಿ, "ಇದು ನನ್ನ ಮದುವೆ ಕಾಲದ ಕಾಲು" ಎಂದರು. ಅವತ್ತಿನಿಂದ ಅವರು ನನ್ನನ್ನು ನಂಬಿದರು.

ಬೀಗು ಇಳಿದು ನಿಂತ ಮೇಲೆ, ಒಸರುವುದು ಕಡಿಮೆಯಾದ ಮೇಲೆ, ವಾರಕ್ಕೊಮ್ಮೆ. ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ನಾಲ್ಕು ಪದರದ ಪಟ್ಟಿಯನ್ನು ರೂಪಿಸಿದರು: ಮೊದಲು ಮೆತ್ತನೆಯ ಹತ್ತಿ, ಮೇಲೆ ಕ್ರೇಪ್, ಅದರ ಮೇಲೆ ಹಿಗ್ಗುವ ಪಟ್ಟಿ, ಕೊನೆಗೆ ತನಗೆ ತಾನೇ ಅಂಟಿಕೊಳ್ಳುವ ಪಟ್ಟಿ. ಒಂದು ವಾರ ಒತ್ತಡ ಇಳಿಯದೆ ನಿಲ್ಲಬೇಕು ಎಂಬುದೇ ಅದರ ಉದ್ದೇಶ. ಅದಕ್ಕೂ ಸುಮಾರು ನೂರು ವರ್ಷ ಮೊದಲೇ ಜರ್ಮನಿಯ ಹ್ಯಾಂಬರ್ಗಿನ ಚರ್ಮವೈದ್ಯ ಪೌಲ್ ಉನ್ನಾ, ಸತುವಿನ ಲೇಪ ಹಚ್ಚಿದ ಬಟ್ಟೆಯನ್ನು ಕಾಲಿಗೆ ಬೂಟಿನ ಹಾಗೆ ಸುತ್ತಿ ದಿನಗಟ್ಟಲೆ ಹಾಗೆಯೇ ಬಿಡುತ್ತಿದ್ದರು. ಇವತ್ತಿಗೂ ಅದಕ್ಕೆ ಉನ್ನಾ ಬೂಟು ಎಂದೇ ಹೆಸರು.

ಇಲ್ಲಿ ಒಂದು ಎಚ್ಚರ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕ್ರೇಪ್ ಬ್ಯಾಂಡೇಜಿಗೆ ವಾರದ ಲೆಕ್ಕ ಹೊಂದುವುದಿಲ್ಲ. ಅದು ಕೆಲವು ಗಂಟೆಗಳಲ್ಲೇ ಸಡಿಲವಾಗುತ್ತದೆ. ತುಂಬ ಹಿಗ್ಗುವ ಪಟ್ಟಿಯಾದರೆ ಮಲಗಿದಾಗಲೂ ಒತ್ತುತ್ತಲೇ ಇರುತ್ತದೆ. ಅಂಥದನ್ನು ರಾತ್ರಿ ಮಲಗುವಾಗ ತೆಗೆದು, ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಡುವ ಮೊದಲೇ ಮತ್ತೆ ಸುತ್ತಬೇಕು. ಒಳಗಿನ ಗಾಜನ್ನು ಮಾತ್ರ ಮುಟ್ಟಬಾರದು. ನಿಮಗೆ ಕಟ್ಟಿದ್ದು ಯಾವ ಬಗೆಯ ಪಟ್ಟಿ ಎಂದು ಕಟ್ಟಿದವರ ಹತ್ತಿರ ಕೇಳಿ. ಬಾಯಿಬಿಟ್ಟು ಕೇಳಿ. ಎಷ್ಟೋ ಜನ ಸಂಕೋಚದಲ್ಲಿ ಕೇಳದೆ ಹೋಗುತ್ತಾರೆ.

ವಾರದ ನಡುವೆ ಬಿಚ್ಚಲೇಬೇಕಾದ ಸಂದರ್ಭಗಳಿವೆ. ಒಳಗಿನ ರಸಿಕೆ ಪಟ್ಟಿಯ ಹೊರಪದರಕ್ಕೆ ಬಂದು ಕಲೆಯಾದರೆ ಅದು ಬದಲಾಯಿಸುವ ಹೊತ್ತು. ಒಳಗಿಂದ ಹೊರಗೆ ದಾರಿ ಆಯಿತೆಂದರೆ ಹೊರಗಿಂದ ಒಳಗೂ ದಾರಿ ಆದ ಹಾಗೆ. ನಾನು ಹೊರಪದರದ ಮೇಲೆ ಪೆನ್ನಿನಲ್ಲಿ ಕಟ್ಟಿದ ತಾರೀಕು ಬರೆಯುತ್ತಿದ್ದೆ. ಕಲೆ ಕಂಡರೆ ಅದರ ಅಂಚಿಗೆ ಗೆರೆ ಎಳೆಯಲು ಮನೆಯವರಿಗೆ ಹೇಳುತ್ತಿದ್ದೆ. ಮರುದಿನ ಕಲೆ ಗೆರೆ ದಾಟಿದ್ದರೆ ಬನ್ನಿ ಎಂದು. ಕಾಲ್ಬೆರಳು ನೀಲಿಯಾದರೆ, ಬಿಳಿಚಿಕೊಂಡರೆ, ಜೋಮು ಹಿಡಿದರೆ, ಕಾಲೆತ್ತಿ ಮಲಗಿದರೂ ನೋವು ಇಳಿಯದಿದ್ದರೆ, ಯಾರ ಅಪ್ಪಣೆಗೂ ಕಾಯದೆ ಆ ಕ್ಷಣವೇ ಪಟ್ಟಿ ಬಿಚ್ಚಿ ಆಸ್ಪತ್ರೆಗೆ ಹೋಗಿ. ಚಳಿಜ್ವರ ಬಂದು ಕೆಂಪು ಮೇಲಕ್ಕೆ ಹಬ್ಬುತ್ತಿದ್ದರೂ, ಮಲಗಿದರೆ ಉಸಿರು ಕಟ್ಟುತ್ತಿದ್ದರೂ ಹಾಗೆಯೇ. ಬೆರಳುಗಳನ್ನು ನಾವು ಮುಚ್ಚದೆ ಬಿಡುವುದು ನೀವು ನೋಡಿಕೊಳ್ಳಲಿ ಎಂದೇ.

ಇನ್ನು ನಮ್ಮ ಮಳೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಪಟ್ಟಿ ಒಣಗಿರಬೇಕು ಎಂದು ಹೇಳುವುದು ಸುಲಭ. ಪಂಪ್‌ವೆಲ್‌ ವೃತ್ತದಲ್ಲಿ ನೀರು ನಿಂತ ದಿನ ಕೆಲಸಕ್ಕೆ ಹೋಗಬೇಕಾದವರ ಕಷ್ಟ ನನಗೆ ಗೊತ್ತು. ಆದರೂ ಹೇಳಬೇಕು: ಪಟ್ಟಿ ಒದ್ದೆಯಾದರೆ ವಾರ ತುಂಬುವುದಕ್ಕೆ ಕಾಯಬೇಡಿ, ಅವತ್ತೇ ಬದಲಾಯಿಸಿ. ಒದ್ದೆ ಪಟ್ಟಿ ಬಿಗಿ ಕಳೆದುಕೊಳ್ಳುತ್ತದೆ, ಕೆಳಗಿನ ಚರ್ಮ ನೆನೆದು ಬಿಳಿಯಾಗಿ ಹುಣ್ಣು ದೊಡ್ಡದಾಗುತ್ತದೆ. ಅದಕ್ಕಿಂತ ದೊಡ್ಡ ಭಯ ಇಲಿಜ್ವರದ್ದು. ಇಲಿಯ ಮೂತ್ರ ಬೆರೆತ ನೀರಿನಲ್ಲಿರುವ ರೋಗಾಣು ಗಾಯದ ಮೂಲಕವೇ ಒಳಸೇರುತ್ತದೆ, ಮಳೆಗಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ಅದು ಹೊಸ ಸುದ್ದಿಯಲ್ಲ. ಮೊಣಕಾಲಿನವರೆಗಿನ ಗಂಬೂಟು ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ನೀರು ದಾಟಿ, ದಾಟಿದ ಕೂಡಲೇ ತೆಗೆಯಿರಿ. ಇಡೀ ದಿನ ಚೀಲದೊಳಗೆ ಬೆವತರೆ ಅದೂ ಒದ್ದೆಯೇ.

ಋತುವಿಗೆ ತಕ್ಕ ಹಾಗೆ ಪಟ್ಟಿ ಬದಲಾಯಿಸುವ ಯೋಚನೆ ನನ್ನದೇನಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಅದು ಸ್ಪಷ್ಟವಾಗಿಯೇ ಇದೆ: ಹೇಮಂತ, ಶಿಶಿರ, ವಸಂತಗಳಲ್ಲಿ ಮೂರು ದಿನಕ್ಕೊಮ್ಮೆ, ಶರತ್ತು, ಗ್ರೀಷ್ಮ, ವರ್ಷ ಋತುಗಳಲ್ಲಿ ಎರಡು ದಿನಕ್ಕೊಮ್ಮೆ ಬಿಚ್ಚಬೇಕು, ತುರ್ತಿನ ರೋಗದಲ್ಲಿ ಈ ನಿಯಮಕ್ಕೆ ಅಂಟಿಕೊಳ್ಳಬಾರದು. ಕಟ್ಟುವ ರೀತಿಗಳಲ್ಲಿ ಹದಿನಾಲ್ಕು ಬಗೆ, ಬಿಗಿಯಲ್ಲಿ ಗಾಢ, ಸಮ, ಶಿಥಿಲ ಎಂದು ಮೂರು ಬಗೆ, ಕೈಕಾಲುಗಳಿಗೆ ಸಮ. ಅವರು ಹೇಳಿದ್ದು ಶಸ್ತ್ರದ ಗಾಯಗಳ ವಿಷಯ, ನಮ್ಮ ಬಿಗಿಪಟ್ಟಿಯ ವಿಷಯವಲ್ಲ. ಆದರೆ ಸೆಕೆ, ಬೆವರು, ಮಳೆ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಆ ವೈದ್ಯರು ಕೂಡ ದಿನಾ ಬಿಚ್ಚಿ ಎಂಬುದನ್ನು ಎಲ್ಲರಿಗೂ ನಿಯಮ ಮಾಡಲಿಲ್ಲ ಎಂಬುದು ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ.

ಈಗ ಒಂದು ತಪ್ಪಿನ ಕತೆ. ಹೇಳದೆ ಹೋದರೆ ನನ್ನ ಮನಸ್ಸು ಒಪ್ಪುವುದಿಲ್ಲ. ನಾನು ಇನ್ನೂ ಎಳೆಯ ನರ್ಸ್ ಆಗಿದ್ದಾಗ ಕೆಲಸ ಮಾಡಿದ ಒಂದು ಕಡೆ, ಐವತ್ತೈದರ ಒಬ್ಬರು ಲಾರಿ ಚಾಲಕರಿಗೆ ಕಾಲಿನ ಹುಣ್ಣೆಂದು ಬಿಗಿಪಟ್ಟಿ ಸುತ್ತಿದೆವು. ಸುತ್ತಿದ ಕೈ ನನ್ನದೇ. ಅವರು ದಿನಕ್ಕೆ ಎರಡು ಕಟ್ಟು ಬೀಡಿ ಸೇದುವವರು. ಪಾದದ ಮೇಲೆ ಬೆರಳಿಟ್ಟು ನಾಡಿ ನೋಡಿರಲಿಲ್ಲ. ಮೂರನೆಯ ದಿನ ಬಂದಾಗ ಎರಡು ಬೆರಳು ಕಪ್ಪಗಾಗಿದ್ದವು. ಅವರ ಹುಣ್ಣು ನರದ ಹುಣ್ಣಾಗಿರಲಿಲ್ಲ. ಕೆಳಗೆ ಶುದ್ಧರಕ್ತ ಒಯ್ಯುವ ಅಪಧಮನಿಯೇ ಕಟ್ಟಿಕೊಂಡಿತ್ತು. ಬರುವ ರಕ್ತವೇ ಕಡಿಮೆ ಇರುವ ಕಾಲನ್ನು ನಾವು ಇನ್ನೂ ಹಿಂಡಿದ್ದೆವು. ಅವರು ಬದುಕಿದರು, ಬೆರಳು ಎರಡೂ ಹೋದವು. ಅವತ್ತಿನಿಂದ ನಾಡಿ ನೋಡದೆ ನಾನು ಒಂದು ಸುತ್ತು ಪಟ್ಟಿಯನ್ನೂ ಸುತ್ತಿಲ್ಲ. ಈಗ ಡಾಪ್ಲರ್ ಯಂತ್ರದಲ್ಲಿ ಹರಡಿನ ಬಿ.ಪಿ.ಯನ್ನೂ ತೋಳಿನ ಬಿ.ಪಿ.ಯನ್ನೂ ಅಳೆದು ಭಾಗಿಸಿ ನೋಡುತ್ತಾರೆ. 0.8ಕ್ಕಿಂತ ಕಡಿಮೆ ಬಂದರೆ ಪೂರ್ತಿ ಬಿಗಿ ಕಟ್ಟಬಾರದು, 0.5ಕ್ಕಿಂತ ಕಡಿಮೆಯಾದರೆ ಬಿಗಿಪಟ್ಟಿಯ ಮಾತೇ ಇಲ್ಲ, ರಕ್ತನಾಳದ ತಜ್ಞರ ಬಳಿಗೆ ಹೋಗಬೇಕು. ಸಕ್ಕರೆ ಕಾಯಿಲೆಯವರಲ್ಲಿ ರಕ್ತನಾಳ ಗಡಸಾಗಿ ಈ ಲೆಕ್ಕವೂ ಮೋಸ ಮಾಡಬಹುದು. ಆದ್ದರಿಂದ ದಯವಿಟ್ಟು ನನ್ನ ಮಾತು ಕೇಳಿ ಮೆಡಿಕಲ್ ಶಾಪಿನಿಂದ ಪಟ್ಟಿ ತಂದು ಮನೆಯಲ್ಲೇ ಬಿಗಿಯಬೇಡಿ. ಮೊದಲ ಸಲ ಪರೀಕ್ಷೆ ಆಗಲೇಬೇಕು.

ಪಟ್ಟಿ ಸುತ್ತುವುದು ನೋಡಲು ಸುಲಭ. ಪಾದವನ್ನು ಕಾಲಿಗೆ ಲಂಬಕೋನದಲ್ಲಿ ನಿಲ್ಲಿಸಬೇಕು, ಗೋಡೆಗೆ ಒತ್ತಿ ನಿಂತ ಹಾಗೆ. ಮೊಣಕಾಲಿನ ಕೆಳಗೆ, ಕಾಲಿನ ಮುಂಬದಿಯ ಎಲುಬಿನ ಮೇಲೆ ಮಾಂಸ ಇಲ್ಲ, ಅಲ್ಲಿ ಹತ್ತಿಯ ಪದರ ಹೆಚ್ಚು ಬೇಕು. ಹರಡಿನ ಎರಡು ಬದಿಯ ಗುಳಿಗಳಿಗೂ ತುಂಬಬೇಕು. ಬೆರಳ ಬುಡದಿಂದ ಶುರು. ಹಿಮ್ಮಡಿ ಬಿಟ್ಟುಹೋಗಬಾರದು, ಬಿಟ್ಟರೆ ಅಲ್ಲಿ ಇಡ್ಲಿಯ ಹಾಗೆ ಉಬ್ಬುತ್ತದೆ. ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚಬೇಕು. ಎಳೆತ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ. ಹರಡು ಸಪೂರ, ಮೀನಖಂಡ ದಪ್ಪ. ಒಂದೇ ಎಳೆತದಲ್ಲಿ ಸುತ್ತಿದರೆ ಸಪೂರ ಜಾಗದಲ್ಲಿ ಒತ್ತಡ ತಾನಾಗಿಯೇ ಹೆಚ್ಚು, ದಪ್ಪ ಜಾಗದಲ್ಲಿ ಕಡಿಮೆ ಬೀಳುತ್ತದೆ. ರಕ್ತ ಮೇಲೇರಬೇಕಾದರೆ ಬೇಕಾದದ್ದೂ ಅದೇ. ಮೇಲೆ ಬಿಗಿಯಾಗಿ ಕೆಳಗೆ ಸಡಿಲವಾದರೆ ಕಾಲಿಗೆ ಉರುಳು ಹಾಕಿದ ಹಾಗೆ. ಈ ಕೈಚಳಕಕ್ಕೆ ನನಗೆ ಎರಡು ವರ್ಷ ಬೇಕಾಯಿತು. ಅಂಗಡಿಯ ಪ್ಯಾಕೆಟ್ಟಿನಲ್ಲಿ ಅದು ಬರುವುದಿಲ್ಲ.

ಬಿಚ್ಚುವ ದಿನ ಮಾತ್ರ ಅವಸರ ಬೇಡ. ಬಕೆಟ್ಟಿಗೆ ಹೊಸ ಪ್ಲಾಸ್ಟಿಕ್ ಹಾಳೆ ಹಾಸಿ, ಬೆಚ್ಚಗಿನ ನಲ್ಲಿನೀರಿನಲ್ಲಿ ಕಾಲಿಟ್ಟು ಹತ್ತು ನಿಮಿಷ ಬಿಡಬೇಕು. ವಾರದ ಸತ್ತ ಚರ್ಮ, ಬೆವರು, ತುರಿಕೆ ಎಲ್ಲ ಆ ನೀರಿನಲ್ಲಿ ಹೋಗುತ್ತದೆ. ಆಗ ರೋಗಿಗಳ ಮುಖದಲ್ಲಿ ಬರುವ ನೆಮ್ಮದಿ ನೋಡಬೇಕು. ಹುಣ್ಣಿಗೆ ಸ್ಪಿರಿಟ್, ಪೆರಾಕ್ಸೈಡ್, ಪೌಡರ್ ಯಾವುದೂ ಬೇಡ. ಈ ಕಾಲುಗಳ ಚರ್ಮ ತುಂಬ ಸೂಕ್ಷ್ಮ. ನಿಯೋಮೈಸಿನ್ ಇರುವ ಮುಲಾಮು, ಪೌಡರುಗಳಿಗೆ ಅಲರ್ಜಿಯಾಗಿ ಸುತ್ತ ಎಲ್ಲ ಬೊಕ್ಕೆ ಎದ್ದವರನ್ನು ಬೇಕಷ್ಟು ನೋಡಿದ್ದೇನೆ. ಹುಣ್ಣಿಗೆ ಅಂಟದ ಸಾದಾ ಹೊದಿಕೆ, ಸುತ್ತಲಿನ ಒಣಚರ್ಮಕ್ಕೆ ಪರಿಮಳವಿಲ್ಲದ ವ್ಯಾಸಲೀನು. ಮತ್ತೆ ಪಟ್ಟಿ.

ವಾಸನೆಯ ಬಗ್ಗೆ ಅಕ್ಕ ಕೇಳಿದ್ದಕ್ಕೂ ಉತ್ತರ ಕೊಡಬೇಕಲ್ಲ. ವಾರದ ನಂತರ ಬಿಚ್ಚಿದಾಗ ಸ್ವಲ್ಪ ವಾಸನೆ ಇರುತ್ತದೆ. ಅದು ಒದ್ದೆ ಗಾಜಿನದು. ತೊಳೆದ ಮೇಲೂ ಉಳಿದರೆ, ನೋವು ಹೆಚ್ಚಿದ್ದರೆ, ಹುಣ್ಣು ಹಿಂದಿಗಿಂತ ದೊಡ್ಡದಾಗಿದ್ದರೆ ಆಗ ಸೋಂಕಿನ ಮಾತು. ಪ್ರತಿ ಹುಣ್ಣಿನಲ್ಲೂ ಒಂದಿಷ್ಟು ರೋಗಾಣು ಇದ್ದೇ ಇರುತ್ತದೆ. ಅಷ್ಟಕ್ಕೇ ಆ್ಯಂಟಿಬಯಾಟಿಕ್ ನುಂಗುವ ಅಗತ್ಯ ಇಲ್ಲ.

ದಿನಾ ಬಿಚ್ಚುವ ಪದ್ಧತಿಯೇ ತಪ್ಪು ಎಂದು ನೀವು ತಿಳಿಯಬಾರದು. ನಮ್ಮ ಪಕ್ಕದ ಕಾಸರಗೋಡಿನ ಉಳಿಯತ್ತಡ್ಕದಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಎಂಬ ಸಂಸ್ಥೆ 1999ರಿಂದ ನಡೆಯುತ್ತಿದೆ. ಚರ್ಮವೈದ್ಯ ಡಾ. ಎಸ್. ಆರ್. ನರಹರಿ ಅವರ ನೇತೃತ್ವದಲ್ಲಿ ಅಲ್ಲಿ ಆನೆಕಾಲು ರೋಗದ ಬೀಗಿಗೆ ಅಲೋಪತಿ, ಆಯುರ್ವೇದ, ಯೋಗ ಮೂರನ್ನೂ ಸೇರಿಸಿ ಚಿಕಿತ್ಸೆ ಕೊಡುತ್ತಾರೆ. ಕಲಬುರಗಿ ಮತ್ತು ಕೇರಳದ ಆಲಪ್ಪುಳ ಜಿಲ್ಲೆಗಳ ಹಳ್ಳಿಗರಿಗೂ ಅದನ್ನು ಕಲಿಸಿದ್ದಾರೆ. ಅಲ್ಲಿ ರೋಗಿಯೇ, ಮನೆಯವರ ಸಹಾಯದಿಂದ, ದಿನಾ ಪಟ್ಟಿ ಬಿಚ್ಚಿ, ತೊಳೆದು, ಕಷಾಯದಲ್ಲಿ ನೆನೆಸಿ, ವ್ಯಾಯಾಮ ಮಾಡಿ, ಮತ್ತೆ ಸುತ್ತಿಕೊಳ್ಳಲು ಕಲಿಯುತ್ತಾರೆ. ಆನೆಕಾಲಿನಲ್ಲಿ ಚರ್ಮದ ಮಡಿಕೆಗಳ ಸಂದಿಯಿಂದ ಸೋಂಕು ನುಗ್ಗುತ್ತದೆ, ಹಾಗಾಗಿ ತೊಳೆಯುವುದೇ ಅಲ್ಲಿ ಅರ್ಧ ಚಿಕಿತ್ಸೆ. ಸುತ್ತುವವರ ಕೈಯೂ ಪಳಗಿರುತ್ತದೆ. ಕರಾವಳಿಯ ನಮ್ಮ ಜಿಲ್ಲೆಗಳಲ್ಲಿ ಆನೆಕಾಲೂ ಇದೆ, ಉಬ್ಬುನರವೂ ಇದೆ, ಕೆಲವರಿಗೆ ಎರಡೂ ಇವೆ. ನಿಮ್ಮ ಕಾಲಿನ ಬೀಗು ಯಾವುದರದ್ದು ಎಂದು ತಿಳಿಯದೆ ಪಕ್ಕದ ಮನೆಯವರ ಲೆಕ್ಕ ಹಿಡಿಯಬೇಡಿ.

ಪಟ್ಟಿ ಕಟ್ಟಿ ಮನೆಯಲ್ಲಿ ಮಲಗಿಯೇ ಇರಬೇಕು ಎಂದು ಕೆಲವರು ತಿಳಿಯುತ್ತಾರೆ. ನಡೆಯಬೇಕು. ಬಿಗಿಪಟ್ಟಿಯೊಳಗೆ ಮೀನಖಂಡ ಹಿಗ್ಗಿ ಕುಗ್ಗಿದಾಗಲೇ ರಕ್ತ ಮೇಲೇರುವುದು. ನಿಂತಲ್ಲೇ ನಿಲ್ಲುವುದು, ಕಾಲು ಜೋತುಬಿಟ್ಟು ಕೂರುವುದು, ಇವೆರಡೇ ಕೆಟ್ಟವು. ಕೂತಾಗ ಹಿಮ್ಮಡಿಯನ್ನು ಎತ್ತಿ ಇಳಿಸುತ್ತಿರಿ. ಮಲಗುವಾಗ ಕಾಲ ಕೆಳಗೆ ಎರಡು ದಿಂಬು ಕೊಟ್ಟರೆ ಸಾಕು.

ದಕ್ಕೆಯ ಅಕ್ಕನ ವಿಷಯಕ್ಕೆ ಬರುತ್ತೇನೆ. ಮೀನುಗಾರಿಕೆ ನಿಷೇಧದ 61 ದಿನ ಎಂದರೆ ಹೆಚ್ಚುಕಡಿಮೆ ಒಂಬತ್ತು ವಾರ. ದಿನಾ ಬಂದಿದ್ದರೆ 61 ಸಲ ರಿಕ್ಷಾ, 61 ಸಲ ಸರದಿ. ನಾವು ಮಾಡಿದ್ದು ಮೊದಲ ಎರಡು ವಾರದಲ್ಲಿ ನಾಲ್ಕು, ಆಮೇಲೆ ಏಳು, ಪಟ್ಟಿ ಒದ್ದೆಯಾದದ್ದಕ್ಕೆ ಜುಲೈಯಲ್ಲಿ ಎರಡು ಹೆಚ್ಚು. ಒಟ್ಟು ಹದಿಮೂರು. ನಾಲ್ಕನೆಯ ವಾರದಲ್ಲಿ ಹುಣ್ಣಿನ ಅಂಚಿನಿಂದ ಹೊಸ ಚರ್ಮ ಒಳಮುಖವಾಗಿ ಬರುವುದು ಕಂಡಿತು, ಹಾಲಿನ ಕೆನೆಯ ಅಂಚಿನ ಹಾಗೆ ತೆಳ್ಳಗೆ, ಸ್ವಲ್ಪ ನೀಲಿ ಮಿಶ್ರವಾಗಿ. ಮೊದಲ ದಿನ ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ಹುಣ್ಣಿನ ಗಡಿ ಬರೆದು ಇಟ್ಟಿದ್ದೆ. ಅದೇ ಹಾಳೆಯ ಮೇಲೆ ಹೊಸ ಗಡಿ ಬರೆದೆ. ಒಂದರೊಳಗೊಂದು ಗೆರೆ. ಅವರಿಗೆ ಓದು ಬಾರದು, ಆದರೆ ಆ ಗೆರೆಗಳನ್ನು ಅವರು ನನಗಿಂತ ಚೆನ್ನಾಗಿ ಓದಿದರು. ಆಗಸ್ಟ್ ಒಂದಕ್ಕೆ ಬೋಟು ಇಳಿದಾಗ ಹುಣಸೆಬೀಜದಷ್ಟು ಬಾಕಿ ಇತ್ತು. ಪಟ್ಟಿ ಕಟ್ಟಿಕೊಂಡೇ, ಗಂಬೂಟು ಹಾಕಿಕೊಂಡು ದಕ್ಕೆಗೆ ಹೋದರು. ಆಗಸ್ಟ್ ಮೂರನೆಯ ವಾರ ಅದೂ ಮುಚ್ಚಿತು.

ಎಲ್ಲರಿಗೂ ಇಷ್ಟು ಬೇಗ ಆಗುವುದಿಲ್ಲ. ದೊಡ್ಡದಾದ, ವರ್ಷಗಟ್ಟಲೆ ಹಳೆಯ ಹುಣ್ಣು ಆರು ತಿಂಗಳೂ ತೆಗೆದುಕೊಳ್ಳಬಹುದು. ಮೂರು ತಿಂಗಳು ಸರಿಯಾಗಿ ಪಟ್ಟಿ ಕಟ್ಟಿದರೂ ಕಿಂಚಿತ್ತೂ ಕಡಿಮೆಯಾಗದ ಹುಣ್ಣು, ಅಂಚು ಎತ್ತರವಾಗಿ ಹೂಕೋಸಿನ ಹಾಗೆ ಬೆಳೆಯುವ ಹುಣ್ಣು ಕಂಡರೆ ಅದರ ತುಣುಕು ತೆಗೆದು ಪರೀಕ್ಷಿಸಬೇಕು. ಹಳೆಯ ಹುಣ್ಣಿನಲ್ಲಿ ಅಪರೂಪಕ್ಕೆ ಕ್ಯಾನ್ಸರ್ ಹುಟ್ಟುತ್ತದೆ.

ಮುಚ್ಚಿದ ಮೇಲೆ ಕೆಲಸ ಮುಗಿಯಿತೇ ಎಂದರೆ, ಕವಾಟ ಹಾಗೆಯೇ ಇದೆ. ಬ್ರಿಟನ್ನಿನಲ್ಲಿ 450 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬಿಗಿಪಟ್ಟಿಯ ಜೊತೆಗೆ ಕೆಟ್ಟ ನರವನ್ನು ಲೇಸರ್‌ನಂಥ ವಿಧಾನಗಳಿಂದ ಬೇಗನೆ ಮುಚ್ಚಿಸಿಕೊಂಡವರ ಹುಣ್ಣು ಸಾಮಾನ್ಯವಾಗಿ 56 ದಿನದಲ್ಲಿ ಮಾಗಿತು. ಪಟ್ಟಿ ಕಟ್ಟಿ, ನರದ ಚಿಕಿತ್ಸೆಯನ್ನು ಮುಂದಕ್ಕೆ ಹಾಕಿದವರಿಗೆ 82 ದಿನ ಬೇಕಾಯಿತು. ಅದಕ್ಕೂ ಮೊದಲು 2004ರಲ್ಲಿ ಬಂದ ಇನ್ನೊಂದು ಅಧ್ಯಯನ, ನರದ ಆಪರೇಷನ್ ಮಾಡಿಸಿಕೊಂಡವರಲ್ಲಿ ಒಂದು ವರ್ಷದೊಳಗೆ ನೂರಕ್ಕೆ 12 ಮಂದಿಗೆ ಹುಣ್ಣು ಮರುಕಳಿಸಿತು, ಬರೀ ಪಟ್ಟಿಯನ್ನೇ ನಂಬಿದವರಲ್ಲಿ 28 ಮಂದಿಗೆ ಎಂದು ತೋರಿಸಿತ್ತು. ಮಂಗಳೂರಿನಲ್ಲಿ ಈ ಚಿಕಿತ್ಸೆ ಸಿಗುತ್ತದೆ. ಶಕ್ತಿ ಇರುವವರು, ವಿಮೆ ಇರುವವರು ಕೇಳಿ ನೋಡಿ. ಆಪರೇಷನ್ ಆದವರಿಗೂ ಆಗದವರಿಗೂ ಮುಂದೆ ಬಿಗಿ ಕಾಲುಚೀಲ ಬೇಕು. ಕಾಲಿನ ಅಳತೆ ತೆಗೆದೇ ಕೊಳ್ಳಬೇಕು, ಬೆಳಿಗ್ಗೆ ಏಳುವ ಮೊದಲು ಹಾಕಬೇಕು, ಮಲಗುವಾಗ ತೆಗೆಯಬೇಕು. ಆರು ತಿಂಗಳಿಗೆ ಅದರ ಬಿಗಿ ಸೋಲುತ್ತದೆ, ಆಗ ಹೊಸದು.

ದಕ್ಕೆಯ ಅಕ್ಕ ಅಂಥ ಎರಡು ಜೊತೆ ಇಟ್ಟುಕೊಂಡಿದ್ದಾರೆ. ರಾತ್ರಿ ಒಂದನ್ನು ಸೋಪಿನ ನೀರಿನಲ್ಲಿ ಹಿಂಡದೆ ತೊಳೆದು, ಮಳೆಗಾಲದಲ್ಲಿ ಒಲೆಯ ಹತ್ತಿರ ಒಣಗಿಸಿದರೆ ರಬ್ಬರು ಕೆಡುತ್ತದೆ ಎಂದು ನಾನು ಹೇಳಿದ್ದಕ್ಕೆ, ಚಾವಡಿಯ ಫ್ಯಾನಿನ ಕೆಳಗೆ ಹಗ್ಗ ಕಟ್ಟಿ ನೇತುಹಾಕುತ್ತಾರೆ. ಕಳೆದ ಮೇಯಲ್ಲಿ ತಮ್ಮ ನೆರೆಮನೆಯ ಅಜ್ಜಿಯೊಬ್ಬರನ್ನು ಕೈಹಿಡಿದು ಕರೆತಂದರು. ಅಜ್ಜಿಯ ಕಾಲಲ್ಲಿ ಅದೇ ಜಾಗದಲ್ಲಿ ಹುಣ್ಣು, ಮೇಲೆ ಅರಿಶಿನ, ಹಳೆಯ ಸೀರೆಯ ಬಟ್ಟೆ. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳುತ್ತಿದ್ದರು: "ಇವರು ಮೊದಲು ಪಾದದ ನಾಡಿ ನೋಡ್ತಾರೆ, ಹೆದರಬೇಡಿ. ಆಮೇಲೆ ಕಟ್ಟಿ ತಾರೀಕು ಬರೀತಾರೆ. ತಾರೀಕು ಬರುವವರೆಗೆ ಮುಟ್ಟಲಿಕ್ಕಿಲ್ಲ ಆಯ್ತಾ."

ಅಜ್ಜಿ ನನ್ನ ಕಡೆ ನೋಡಿದರು. ನಾನು ಟೇಪು ತೆಗೆದೆ.